ಟೈರು ಭಾರವನ್ನು ಹೊರುವ ಬಗೆ

ನಾಲ್ವರು ಕುಳಿತಿರುವ ಒಂದು ಸಣ್ಣ ಕಾರಿನ ಒಟ್ಟು ತೂಕ 1200 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಒಂದೊಂದು ಚಕ್ರದ ಪಾಲಿಗೆ ಸುಮಾರು 300 ಕಿಲೋಗ್ರಾಂ ಬರುತ್ತದೆ. ಇದನ್ನು ಹೊರುವುದು ಯಾವುದು? ‘ಟೈರಿನೊಳಗಿನ ಗಾಳಿ’ ಎಂದು ವಿದ್ಯಾರ್ಥಿಗಳು ಒಡನೆ ಉತ್ತರಿಸುತ್ತಾರೆ. ನಾವೂ ಕೆಲವು ವರ್ಷ ತರಗತಿಯಲ್ಲಿ ಹಾಗೆಯೇ ಹೇಳಿ ಮುಂದೆ ಸಾಗುತ್ತಿದ್ದೆವು. ಉತ್ತರ ಸುಳ್ಳಲ್ಲ, ಆದರೆ ಅದು ಅರ್ಧ ಮಾತ್ರ.

ನೆಲದ ಕಡೆಯ ಲೆಕ್ಕ ಸುಲಭ. ಪೆಟ್ರೋಲ್ ಬಂಕಿನಲ್ಲಿ ಚದರ ಅಂಗುಲಕ್ಕೆ 30 ಪೌಂಡಿನಂತೆ ಗಾಳಿ ತುಂಬಿಸಿದೆವೆನ್ನಿ. ಇದು ವಾಯುಮಂಡಲದ ಒತ್ತಡಕ್ಕಿಂತ ಚದರ ಸೆಂಟಿಮೀಟರಿಗೆ ಸುಮಾರು 2 ಕಿಲೋಗ್ರಾಂ ತೂಕದಷ್ಟು ಅಧಿಕ. ಟೈರು ಚಪ್ಪಟೆಯಾಗಿ ನೆಲಕ್ಕೆ ತಾಗಿದ ಭಾಗ 150 ಚದರ ಸೆಂಟಿಮೀಟರಾದರೆ ಭಾರ ಸರಿದೂಗಿತು. ಬೆರಳುಗಳೂ ಸೇರಿದಂತೆ ನಮ್ಮ ಒಂದು ಹಸ್ತದಷ್ಟು ಜಾಗ! ರಬ್ಬರಿನ ಗಡಸುತನದಿಂದ ಲೆಕ್ಕ ತುಸು ಆಚೀಚೆಯಾಗಬಹುದು, ಅಷ್ಟೆ.

ತೊಡಕಿರುವುದು ರಿಮ್ಮಿನ ಬಳಿ. ಒಳಗಿನ ಗಾಳಿ ರಿಮ್ಮನ್ನು ಸುತ್ತಲಿಂದಲೂ ಒಂದೇ ಸಮನಾಗಿ ಅಚ್ಚಿನ ಕಡೆಗೆ ಒತ್ತುತ್ತದೆ. ಕೆಳಗಿನಿಂದ ಒತ್ತಿದ್ದು ಮೇಲಿನಿಂದ ಒತ್ತಿದ್ದಕ್ಕೆ ವಜಾ ಆಗಿಬಿಡುತ್ತದೆ. ಭಾರ ಬಿದ್ದಾಗ ಕೆಳಗಡೆ ಮಾತ್ರ ಒತ್ತಡ ಹೆಚ್ಚುವುದಕ್ಕೆ ಪಾಸ್ಕಲನ ನಿಯಮ ಎಡೆಗೊಡದು. ಚಕ್ರವನ್ನು ಜಾಕಿನಿಂದ ಎತ್ತಿ ಅಳೆದರೂ ನೆಲಕ್ಕಿಳಿಸಿ ಅಳೆದರೂ ಮಾಪಕದ ಮುಳ್ಳು ಹೆಚ್ಚುಕಡಿಮೆ ಅಲ್ಲಿಯೇ ನಿಲ್ಲುತ್ತದೆ. ಹಾಗಾದರೆ ರಿಮ್ಮು ನೆಲಕ್ಕೆ ಕುಸಿಯದಿರುವುದು ಹೇಗೆ?

ಟೈರಿನ ಪಕ್ಕದ ಗೋಡೆಯೊಳಗೆ ಗಟ್ಟಿ ನೂಲಿನ ಎಳೆಗಳಿವೆ; ರಿಮ್ಮಿನ ಮೇಲೆ ಕೂರುವ ಅಂಚಿನೊಳಗೆ ಉಕ್ಕಿನ ತಂತಿಯ ಬಳೆಯಿದೆ. ಗಾಳಿ ತುಂಬಿದಾಗ ಎಳೆಗಳು ಬಿಗಿದು ಬಳೆಯನ್ನು ಸುತ್ತಲೂ ಸಮನಾಗಿ ಹೊರಕ್ಕೆ ಸೆಳೆಯುತ್ತವೆ. ಭಾರ ಬಿದ್ದೊಡನೆ ಕೆಳಗಿನ ಗೋಡೆ ಪಕ್ಕಕ್ಕೆ ಉಬ್ಬುತ್ತದೆ. ಅಲ್ಲಿ ಎಳೆಗಳ ಬಿಗಿ ಕುಗ್ಗುತ್ತದೆ, ಅವುಗಳ ಸೆಳೆತದ ದಿಕ್ಕೂ ಓರೆಯಾಗುತ್ತದೆ; ಆದುದರಿಂದ ಬಳೆಯನ್ನು ಕೆಳಕ್ಕೆ ಸೆಳೆಯುವ ಬಲ ತಗ್ಗುತ್ತದೆ. ಮೇಲಿನ ಸೆಳೆತವಾದರೋ ಮೊದಲಿನಷ್ಟೇ ಇದೆ. ಈ ವ್ಯತ್ಯಾಸವೇ ಬಳೆಯ ಮೂಲಕ ರಿಮ್ಮನ್ನು ಎತ್ತಿ ಹಿಡಿಯುವ 300 ಕಿಲೋಗ್ರಾಂ ಬಲ. ಅಂದರೆ ಚಕ್ರವು ಟೈರಿನ ಮೇಲೆ ಕುಳಿತಿರುವುದಕ್ಕಿಂತ ಹೆಚ್ಚಾಗಿ ಅದರಿಂದ ತೂಗುಬಿದ್ದಿದೆ!

ನಂಬಿಕೆ ಬಾರದಿದ್ದರೆ ಸೈಕಲ್ಲಿನ ಚಕ್ರವನ್ನು ನೋಡಿ. ಅದರ ತೆಳುವಾದ ಕಡ್ಡಿಗಳೂ ಸೆಳೆಯಬಲ್ಲವೇ ಹೊರತು ಕಂಬದಂತೆ ಹೊರಲಾರವು. ಕೆಳಗಿನ ಕಡ್ಡಿಯೊಂದನ್ನು ಮೀಟಿ ಸ್ವರ ಕೇಳಿ. ಬಳಿಕ ಗೆಳೆಯನೊಬ್ಬನನ್ನು ಸೈಕಲ್ಲಿನ ಮೇಲೆ ಕೂರಿಸಿ ಅದನ್ನೇ ಮತ್ತೆ ಮೀಟಿ. ಬಿಗಿ ಸಡಿಲಿ ಸ್ವರ ಇಳಿದಿರುತ್ತದೆ.

ಗಾಳಿಯ ಕೆಲಸ, ಹಾಗಾದರೆ, ಎಳೆಗಳನ್ನು ಬಿಗಿದಿಡುವುದು. ಅದು ಕಡಿಮೆಯಾದರೆ ಗೋಡೆ ಹೆಚ್ಚು ಮಡಿಯಬೇಕು, ಅದೂ ಕಿಲೋಮೀಟರಿಗೆ 500ಕ್ಕೂ ಹೆಚ್ಚು ಸಲ. ಮಡಿತದಲ್ಲಿ ನಷ್ಟವಾದ ಶಕ್ತಿ ಶಾಖವಾಗಿ ರಬ್ಬರನ್ನು ಎಳೆಗಳಿಂದ ಬಿಡಿಸುತ್ತದೆ. ಬೇಸಗೆಯ ಹೆದ್ದಾರಿಯಲ್ಲಿ ಟೈರು ಸಿಡಿದಾಗ ಗಾಳಿ ಹೆಚ್ಚಾಗಿತ್ತೆಂದು ಜನ ದೂರುವುದುಂಟು. ಅನೇಕ ವೇಳೆ ಅದು ಕಡಿಮೆಯಾಗಿದ್ದುದೇ ಕಾರಣ.