ಸೈಕಲ್ಲಿನ ಪ್ರಶ್ನೆಗೆ ಇಂಗ್ಲಿಷಿನಲ್ಲಿ ಉತ್ತರ

ಇಂಗ್ಲಿಷಿನಲ್ಲಿ ಮಾತನಾಡುವ ಪರೀಕ್ಷೆಯೆಂದರೆ ಕನ್ನಡ ಮಾಧ್ಯಮದ ನಮಗೆ ನಾಲಗೆ ಒಣಗುವುದುಂಟು. ವಿದೇಶದಲ್ಲಿ ಓದಬಯಸುವವರಿಗಿರುವ ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ ಮಾತಿನ ಭಾಗವು 11ರಿಂದ 14 ನಿಮಿಷಗಳದು. ಅಲ್ಲಿ, ‘ಡು ಯು ಲೈಕ್ ಸೈಕ್ಲಿಂಗ್?’ ಎಂದು ಕೇಳಿದರೆನ್ನೋಣ. ‘ಯೆಸ್’ ಎಂದಷ್ಟೇ ನುಡಿದು ಸುಮ್ಮನಾಗಬಾರದು. ಉತ್ತರ, ಕಾರಣ, ಸ್ವಾನುಭವ, ಈ ಮೂರೂ ಇರಬೇಕು:

‘ಯೆಸ್, ಬಿಕಾಸ್ ಇಟ್ ಕಾಸ್ಟ್ಸ್ ವೆರಿ ಲಿಟಲ್. ಐ ಫೆಲ್ ಆಫ್ಟನ್ ವೆನ್ ಐ ವಾಸ್ ಲರ್ನಿಂಗ್. ನೌ ಐ ರೈಡ್ ಎವ್ರಿ ಸಂಡೇ.’

ಕಲಿತ ಕಾಲದ ಮಾತಿಗೆ ಭೂತಕಾಲದ ‘ಫೆಲ್’. ಇಂದಿನ ರೂಢಿಗೆ ವರ್ತಮಾನದ ‘ರೈಡ್’. ಈ ವಾಕ್ಯಗಳನ್ನೇ ಕಂಠಪಾಠ ಮಾಡುವುದು ಸಲ್ಲದು; ಒಪ್ಪಿಸುವ ಪಾಠವನ್ನು ಪರೀಕ್ಷಕರು ಗುರುತಿಸಬಲ್ಲರು. ನಮ್ಮ ನಮ್ಮ ಅನುಭವವನ್ನೇ ಗೆಳೆಯರೊಡನೆ ದಿನವೂ ಎರಡು ನಿಮಿಷ ಹೇಳಿ ನೋಡೋಣ. ತಪ್ಪಿದರೆ ನಾಚಿಕೆಯೇಕೆ? ಬೀಳುವ ಭಯದಿಂದ ನಾವು ಸೈಕಲ್ಲನ್ನು ಬಿಟ್ಟೆವೇನು?