ಮಜ್ಜೆಯ ಕಸಿಯಾದ ಮೇಲೆ ಉಳಿದ ರೋಗದ ಶೋಧನೆ



ಮೊರದಲ್ಲಿ ಅಕ್ಕಿಯನ್ನಾರಿಸಿ ಕಲ್ಲಿಲ್ಲವೆಂದರೆ ಅರ್ಥವೇನು? ನಾವು ನೋಡಿದಷ್ಟು ಅಕ್ಕಿಯಲ್ಲಿ ಕಲ್ಲು ಕಾಣಲಿಲ್ಲವೆಂದಷ್ಟೆ. ಲ್ಯುಕೀಮಿಯವೆಂಬ ರಕ್ತರೋಗದ ಪರೀಕ್ಷೆಯೂ ಹೀಗೆಯೇ.

ಎಲುಬಿನೊಳಗಣ ಮಜ್ಜೆಯಲ್ಲಿ ಬಲಿಯದ ಬಿಳಿಯ ಕಣಗಳು ಮಿತಿಮೀರಿ ಹೆಚ್ಚುವುದೇ ಈ ರೋಗವು. 1948ರಲ್ಲಿ ಬಾಸ್ಟನ್ ನಗರದ ವೈದ್ಯರಾದ ಸಿಡ್ನಿ ಫಾರ್ಬರ್ ಎಂಬವರು ಅಮಿನಾಪ್ಟರಿನ್ ಔಷಧದಿಂದ ಕೆಲವು ಮಕ್ಕಳಲ್ಲಿ ರೋಗವು ಸ್ವಲ್ಪಕಾಲ ಅಡಗಿದುದನ್ನು ಪ್ರಕಟಿಸಿದರು. ಇಂದು ಬಹುಮಂದಿ ಮಕ್ಕಳು ಔಷಧಗಳಿಂದಲೇ ಗುಣಹೊಂದುವರು. ಔಷಧಕ್ಕೆ ಬಗ್ಗದ ಅಥವಾ ಮರುಕಳಿಸಿದ ರೋಗವುಳ್ಳ ಕೆಲವರಿಗೆ ದಾನಿಯ ಮಜ್ಜೆಯನ್ನು ಕಸಿಮಾಡುವರು.

ರೋಗವು ಕಂಡುಬಂದಾಗ ಮಗುವಿನಲ್ಲಿ ಲಕ್ಷ ಕೋಟಿಯಷ್ಟು ದುಷ್ಟಕಣಗಳಿರಬಹುದು. ಸೂಕ್ಷ್ಮದರ್ಶಕಯಂತ್ರಕ್ಕೆ ರೋಗವು ಅಡಗಿದಂತೆ ತೋರುವಾಗಲೂ ಸಾವಿರ ಕೋಟಿಯವರೆಗೆ ಉಳಿದಿರಬಹುದು. ಆದುದರಿಂದ ಸೂಕ್ಷ್ಮತರವಾದ ಶೋಧನೆಗಳು ಬೇಕಾದುವು.

ಮೊದಲನೆಯದರಲ್ಲಿ ಕಣಗಳಿಗೆ ಹೊಳೆಯುವ ಬಣ್ಣಗಳನ್ನಂಟಿಸಿ, ಲೇಸರ್ ಬೆಳಕಿನ ಮುಂದೆ ಒಂದೊಂದಾಗಿ ಹರಿಯಿಸುವರು. ಹತ್ತು ಸಾವಿರದಲ್ಲೊಂದು ದುಷ್ಟಕಣವಿದ್ದರೂ ಇದು ಹಿಡಿಯಬಲ್ಲುದು. ಎರಡನೆಯದು ಆಯಾ ಮಗುವಿನ ರೋಗಕಣಗಳಿಗೇ ವಿಶಿಷ್ಟವಾದ ಜೀನಿನ ಗುರುತನ್ನು ಅರಸುವುದು, ಲಕ್ಷದಲ್ಲೊಂದನ್ನೂ ಕಾಣಬಲ್ಲುದು. ಕಸಿಯಾದ ಬಳಿಕ ರಕ್ತದಲ್ಲಿ ದಾನಿಯ ಕಣಗಳೆಷ್ಟು, ಮಗುವಿನ ಸ್ವಂತ ಕಣಗಳೆಷ್ಟು ಎಂಬುದನ್ನೂ ಅಳೆಯುವರು. ಆದರೆ ಸ್ವಂತ ಕಣಗಳೆಲ್ಲವೂ ರೋಗದ ಕಣಗಳಲ್ಲ. ಅವು ಹೆಚ್ಚುತ್ತ ಬಂದರೆ ಅದು ಎಚ್ಚರಿಕೆಯ ಸೂಚನೆ ಮಾತ್ರ.

ಯಂತ್ರವು ಎಷ್ಟೇ ಚತುರವಾಗಿರಲಿ, ಹತ್ತು ಸಾವಿರ ಕಣಗಳನ್ನು ಮಾತ್ರ ನೋಡಿ ಲಕ್ಷದಲ್ಲೊಂದೂ ಇಲ್ಲವೆನ್ನಲಾಗದು. ಮಜ್ಜೆಯನ್ನು ಸೂಜಿಯಿಂದ ಎಳೆಯುವಾಗ ಮೊದಲು ಬಂದುದೇ ಶ್ರೇಷ್ಠ. ಆಮೇಲೆ ಬಂದುದರಲ್ಲಿ ರಕ್ತವು ಬೆರೆತು ಎಣಿಕೆ ತಪ್ಪುವುದು.

ಇಷ್ಟು ಬೇಗ ತಿಳಿಯುವುದರಿಂದ ಪ್ರಯೋಜನವೇನು? ದುಷ್ಟಕಣಗಳು ಅಲ್ಪವಾಗಿರುವಾಗಲೇ ವೈದ್ಯರು ದಾನಿಯ ಕಣಗಳನ್ನು ಅಂಕೆಯಲ್ಲಿಟ್ಟಿರುವ ಔಷಧವನ್ನು ತಗ್ಗಿಸಬಹುದು. ದಾನಿಯ ಬಿಳಿಯ ಕಣಗಳನ್ನು ಮತ್ತೆ ಕೊಡಬಹುದು. ಇಲ್ಲವೆ ಹೊಸ ಚಿಕಿತ್ಸೆಗಳನ್ನು ಯೋಚಿಸಬಹುದು. ದಾನಿಯ ಕಣಗಳು ಮಗುವಿನ ಚರ್ಮ, ಕರುಳು, ಯಕೃತ್ತುಗಳನ್ನೇ ಬಾಧಿಸುವ ಭಯವುಂಟಾದುದರಿಂದ, ಅನೇಕವೇಳೆ ಫಲಿತಾಂಶವನ್ನು ಮತ್ತೊಮ್ಮೆ ಪರೀಕ್ಷಿಸಿ ಮುಂದುವರಿಯುವರು.

ಮಗು ಆಡುತ್ತ ನಗುತ್ತಲಿರುವಾಗ ಮತ್ತೆ ಸೂಜಿಯೇಕೆಂದು ತಾಯಿಯ ಮನಸ್ಸು ನೋಯುವುದು ಸಹಜ. ಆ ತಾಯಿಯು ವೈದ್ಯರನ್ನು ಮೂರು ಪ್ರಶ್ನೆ ಕೇಳಲಿ: ಯಾವ ಶೋಧನೆ? ಎಷ್ಟು ಕಣಗಳನ್ನು ನೋಡಿದಿರಿ? ಮಾದರಿಯು ಚೆನ್ನಾಗಿತ್ತೆ? ಕಾಣದಿರುವುದು ಬೇರೆ, ಇಲ್ಲದಿರುವುದು ಬೇರೆ. ಈ ಭೇದವನ್ನರಿತ ತಾಯಿಯು ಒಂದು ಒಳ್ಳೆಯ ವರದಿಯಿಂದ ಮೈಮರೆಯಳು. ಒಂದು ಕೆಟ್ಟ ವರದಿಯಿಂದ ಧೈರ್ಯಗೆಡಳು.