ಕಡತ ಕೆಟ್ಟಿದೆಯೋ, ಓದುವ ರೀತಿ ತಪ್ಪಿದೆಯೋ? – ಕನ್ನಡ ಪಠ್ಯದ ದೋಷಪತ್ತೆ ಕುರಿತ ಅಭ್ಯಾಸ ಪಾಠ

ತರಗತಿ: ದ್ವಿತೀಯ ಪಿಯುಸಿ
ವಿಷಯ: ಗಣಕ ವಿಜ್ಞಾನ
ಘಟಕ: ಪೈಥಾನ್‌ನಲ್ಲಿ ಕಡತ ನಿರ್ವಹಣೆ
ಅವಧಿ: 45 ನಿಮಿಷ
ಸಾಮಗ್ರಿ: ಪೈಥಾನ್ 3 ಇರುವ ವಿಂಡೋಸ್ ಕಂಪ್ಯೂಟರ್, ಪೈಥಾನ್ 2 ಇರುವ ಹಳೆಯ ಕಂಪ್ಯೂಟರ್, ಯುಟಿಎಫ್-8ರಲ್ಲಿ ಉಳಿಸಿದ ಎರಡು ಕಡತಗಳು (ಒಂದರಲ್ಲಿ ‘ಕಮಲ’, ಇನ್ನೊಂದರಲ್ಲಿ ‘ಲಕ್ಷ್ಮಿ’)

ಪಾಠದ ಅಗತ್ಯ

ಹಾಜರಿ ಪಟ್ಟಿ, ಅಂಕಪಟ್ಟಿ, ಗ್ರಂಥಾಲಯದ ಪುಸ್ತಕಪಟ್ಟಿ – ವಿದ್ಯಾರ್ಥಿಗಳು ಮೊದಲು ಮಾಡುವ ಪ್ರಾಜೆಕ್ಟುಗಳು ಇವೇ. ಇಂಗ್ಲಿಷ್ ಹೆಸರು ಸರಿಯಾಗಿ ಬಂದು ಕನ್ನಡ ಹೆಸರು ಕೆಟ್ಟು ಬಂದಾಗ, ‘ಕಂಪ್ಯೂಟರಿಗೆ ಕನ್ನಡ ಒಗ್ಗುವುದಿಲ್ಲ’ ಎಂದುಕೊಂಡು ಅವರು ಪಟ್ಟಿಯನ್ನೇ ಇಂಗ್ಲಿಷಿಗೆ ಬದಲಿಸುತ್ತಾರೆ. ಈ ತಪ್ಪು ತೀರ್ಮಾನವನ್ನು ಪ್ರಯೋಗದ ಮೂಲಕ ಬಿಡಿಸುವುದೇ ಈ ಪಾಠದ ಗುರಿ.

ಉದ್ದೇಶಗಳು

ಪಾಠದ ಕೊನೆಯಲ್ಲಿ ವಿದ್ಯಾರ್ಥಿಯು,
1. ಅಕ್ಷರ ಮತ್ತು ಬೈಟ್‌ಗಳ ವ್ಯತ್ಯಾಸವನ್ನು ಉದಾಹರಣೆಯೊಡನೆ ವಿವರಿಸುವನು.
2. ಎನ್‌ಕೋಡಿಂಗ್ ದೋಷವನ್ನೂ ಆವೃತ್ತಿ ದೋಷವನ್ನೂ ಬೇರ್ಪಡಿಸಿ ಗುರುತಿಸುವನು.
3. ಮೂಲ ಕಡತಕ್ಕೆ ಹಾನಿಯಾಗದಂತೆ ದೋಷ ಸರಿಪಡಿಸುವನು.

ಹಂತ 1: ಎಣಿಕೆ (10 ನಿಮಿಷ)

ಕಪ್ಪುಹಲಗೆಯ ಮೇಲೆ ‘ಕನ್ನಡ’ ಎಂದು ಬರೆದು, ಎಷ್ಟು ಅಕ್ಷರ ಎಂದು ಕೇಳಿ. ಮೂರು ಎನ್ನುತ್ತಾರೆ. ಪೈಥಾನ್ 3 ಐದು ಎನ್ನುತ್ತದೆ: ಕ, ನ, ವಿರಾಮ ಚಿಹ್ನೆ, ನ, ಡ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕಾಗುವುದರಿಂದ ಕಡತದಲ್ಲಿ ಇರುವುದು 15 ಬೈಟ್. ಮೂರೂ ಉತ್ತರ ಸರಿಯೇ. ಎಣಿಸಿದ ವಸ್ತು ಬೇರೆ. ‘ಕ’ ಎಂಬುದು ಕಡತದಲ್ಲಿ 224, 178, 149 ಎಂಬ ಮೂರು ಸಂಖ್ಯೆಗಳಾಗಿ ಕುಳಿತಿರುತ್ತದೆ ಎಂದು ತೋರಿಸಿ.

ಹಂತ 2: ಎರಡು ಹೆಸರು, ಎರಡು ಫಲಿತಾಂಶ (15 ನಿಮಿಷ)

ಎನ್‌ಕೋಡಿಂಗ್ ಹೆಸರಿಸದೆ ಓಪನ್ ಬಳಸಿದರೆ ಪೈಥಾನ್ 3 ಆ ಕಂಪ್ಯೂಟರಿನ ರೂಢಿಯ ಪದ್ಧತಿಯನ್ನು ಹಿಡಿಯುತ್ತದೆ. ನಮ್ಮಲ್ಲಿನ ಇಂಗ್ಲಿಷ್ ವಿಂಡೋಸ್‌ನಲ್ಲಿ ಅದು ಸಾಮಾನ್ಯವಾಗಿ 1252 ಎಂಬ ಸಂಕೇತಪಟ್ಟಿ. ಅದರಲ್ಲಿ ಒಂದು ಬೈಟ್‌ಗೆ ಒಂದು ಚಿಹ್ನೆ.

‘ಕಮಲ’ ಕಡತವನ್ನು ಹೀಗೆ ಓದಿಸಿ. ಪ್ರೋಗ್ರಾಂ ನಿಲ್ಲುವುದಿಲ್ಲ, ತಲೆಯ ಮೇಲೆ ಗೀಟುಳ್ಳ ಇಂಗ್ಲಿಷ್ ‘ಎ’, ಪುಟ್ಟ 2, ದಪ್ಪ ಚುಕ್ಕಿ ಮುಂತಾದ 9 ಚಿಹ್ನೆಗಳು ಬರುತ್ತವೆ. ಈಗ ‘ಲಕ್ಷ್ಮಿ’ ಕಡತ ಓದಿಸಿ. ಯೂನಿಕೋಡ್ ಡಿಕೋಡ್ ದೋಷ ಬಂದು ಪ್ರೋಗ್ರಾಂ ನಿಲ್ಲುತ್ತದೆ.

ಏಕೆ ಈ ಭೇದ? ಒತ್ತಕ್ಷರಕ್ಕೆ ಬೇಕಾದ ವಿರಾಮ ಚಿಹ್ನೆಯ ಬೈಟ್‌ಗಳು 224, 179, 141. 1252ರ ಪಟ್ಟಿಯಲ್ಲಿ 141ಕ್ಕೆ ಚಿಹ್ನೆಯೇ ಇಲ್ಲ. ‘ಕಮಲ’ದಲ್ಲಿ ಅಂಥ ಬೈಟ್ ಇಲ್ಲದ್ದರಿಂದ ಅದು ಸದ್ದಿಲ್ಲದೆ ತಪ್ಪಾಗಿ ಹಾದುಹೋಯಿತು. ದೋಷ ಸಂದೇಶ ಬಾರದ ಮಾತ್ರಕ್ಕೆ ಫಲಿತಾಂಶ ಸರಿ ಎನ್ನಲಾಗದು ಎಂಬುದನ್ನು ಮಕ್ಕಳ ಬಾಯಿಂದಲೇ ಹೊರಡಿಸಿ.

ಬಳಿಕ ಓಪನ್‌ನಲ್ಲಿ ಎನ್‌ಕೋಡಿಂಗ್ ಯುಟಿಎಫ್-8 ಎಂದು ನಮೂದಿಸಿ ಮತ್ತೆ ಓದಿಸಿ. ಎರಡೂ ಹೆಸರು ಸರಿಯಾಗಿ ಬರುತ್ತವೆ. ಕಡತ ಮೊದಲಿನಿಂದಲೂ ಸರಿಯಾಗಿಯೇ ಇತ್ತು.

ಹಂತ 3: ಮಾಡಬಾರದ ಚಿಕಿತ್ಸೆ (5 ನಿಮಿಷ)

ದೋಷ ಬಂದೊಡನೆ ‘ಇಗ್ನೋರ್’ ಆಯ್ಕೆ ಹಾಕುವ ರೂಢಿಯಿದೆ. ಆಗ ಸಂದೇಶ ಮಾಯವಾಗುತ್ತದೆ, ಅದರೊಡನೆ 141 ಕೂಡ. ಹಾಗೆ ಓದಿದ್ದನ್ನು ಅದೇ ಕಡತಕ್ಕೆ ಉಳಿಸಿದರೆ ಒತ್ತಕ್ಷರದ ಕೊಂಡಿ ಕಳಚಿಹೋಗುತ್ತದೆ. ‘ರಿಪ್ಲೇಸ್’ ಆಯ್ಕೆಯೊಡನೆ ಆಸ್ಕಿಯಲ್ಲಿ ಉಳಿಸಿದರೆ ಪ್ರತಿ ಸಂಕೇತದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಉಳಿಯುತ್ತದೆ; ಅದರಿಂದ ಹೆಸರನ್ನು ಮರಳಿ ಪಡೆಯುವ ದಾರಿಯಿಲ್ಲ. ತಪ್ಪು ಓದನ್ನು ತಿದ್ದಬಹುದು, ತಪ್ಪು ಉಳಿಕೆಯನ್ನು ತಿದ್ದುವುದು ಕಷ್ಟ. ಆದ್ದರಿಂದ ಮೊದಲ ಕೆಲಸ ಮೂಲದ ನಕಲು ತೆಗೆದಿಡುವುದು.

ಹಂತ 4: ಆವೃತ್ತಿಯ ತೊಡಕು (10 ನಿಮಿಷ)

ಸರಿಪಡಿಸಿದ ಪ್ರೋಗ್ರಾಂ ಅನ್ನೇ ಹಳೆಯ ಕಂಪ್ಯೂಟರಿನಲ್ಲಿ ನಡೆಸಿ. ಈಗ ಬರುವುದು ಟೈಪ್ ದೋಷ: ಪೈಥಾನ್ 2ರ ಓಪನ್‌ಗೆ ಎನ್‌ಕೋಡಿಂಗ್ ಎಂಬ ಆಯ್ಕೆಯೇ ಗೊತ್ತಿಲ್ಲ. ಒಂದರಲ್ಲಿ ಪರಿಹಾರವಾದದ್ದು ಇನ್ನೊಂದರಲ್ಲಿ ದೋಷವಾಯಿತು. ಪೈಥಾನ್ 2ಕ್ಕೆ ಬೆಂಬಲ 2020ರ ಜನವರಿ 1ಕ್ಕೇ ನಿಂತಿದೆ. ಸರಿಯಾದ ಪರಿಹಾರ ಆವೃತ್ತಿ ಬದಲಿಸುವುದು. ಪ್ರತಿ ಪ್ರಾಜೆಕ್ಟಿನ ಮೊದಲ ಪುಟದಲ್ಲಿ ಪೈಥಾನ್ ಆವೃತ್ತಿ, ಬಳಸಿದ ಲೈಬ್ರರಿಗಳ ಆವೃತ್ತಿ, ಕಡತದ ಎನ್‌ಕೋಡಿಂಗ್ – ಈ ಮೂರನ್ನು ಬರೆಸಿ.

ಮೌಲ್ಯಮಾಪನ (5 ನಿಮಿಷ)

1. ‘ಬಸವ’ ಎಂಬುದಕ್ಕೆ ಯುಟಿಎಫ್-8ರಲ್ಲಿ ಎಷ್ಟು ಬೈಟ್ ಬೇಕು?
2. ಪರದೆಯ ಮೇಲೆ ವಿಚಿತ್ರ ಚಿಹ್ನೆಗಳು ಬಂದರೆ ಮೊದಲು ಏನು ಮಾಡುವಿರಿ? ಏನು ಮಾಡಬಾರದು?
3. ಯೂನಿಕೋಡ್ ಡಿಕೋಡ್ ದೋಷ, ಟೈಪ್ ದೋಷ – ಈ ಪಾಠದಲ್ಲಿ ಯಾವುದು ಆವೃತ್ತಿಯಿಂದ ಬಂದದ್ದು?

ಪ್ರಶಿಕ್ಷಣಾರ್ಥಿಗಳಿಗೆ ಸೂಚನೆ

ಕೆಲವು ವಿದ್ಯಾರ್ಥಿಗಳು ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟಿನ ಕಡತ ತರಬಹುದು. ಅಲ್ಲಿರುವುದು ಅಕ್ಷರಗಳ ಯೂನಿಕೋಡ್ ಅಲ್ಲ, ಫಾಂಟಿನೊಳಗಿನ ಆಕಾರಗಳ ಸಂಖ್ಯೆ. ಎನ್‌ಕೋಡಿಂಗ್ ಬದಲಿಸಿದರೆ ಅದು ಸರಿಹೋಗದು. ಪರಿವರ್ತಕ ತಂತ್ರಾಂಶವೇ ಬೇಕು. ಇದನ್ನು ಮುಖ್ಯ ಪಾಠದೊಡನೆ ಬೆರೆಸದೆ ಮುಂದಿನ ಅವಧಿಗೆ ಇಟ್ಟುಕೊಳ್ಳಿ. ಪಾಠಕ್ಕೆ ಮುನ್ನ ಎರಡೂ ಕಡತಗಳನ್ನು ತರಗತಿಯ ಕಂಪ್ಯೂಟರಿನಲ್ಲೇ ಓದಿಸಿ ನೋಡಿ. ಅಲ್ಲಿನ ರೂಢಿಯ ಪದ್ಧತಿ ಯುಟಿಎಫ್-8 ಆಗಿದ್ದರೆ ದೋಷ ಕಾಣಿಸದು. ಆಗ 1252 ಎಂದು ನೀವೇ ನಮೂದಿಸಿ ಪ್ರಯೋಗ ನಡೆಸಿ.